ಆಚೆ ಹೋಗುವ ಗಾಳಿ

“ಕಣ್ಣು ಕಾಣಲ್ವೇನೇ ಮುಂಡೆ? ನಕ್ಷೆ ಮ್ಯಾಲೆ ಟೀ ಲೋಟ ಮಡಗ್ತೀಯಾ!”

ಸೂಪರ್‌ವೈಸರ್ ಅಶ್ವತ್ಥಪ್ಪ ನನ್ನ ಕೈಗೆ ಹೊಡೆದೇಬಿಟ್ಟ. ಬಿಸಿ ಟೀ ಸೆರಗಿನ ಮೇಲೆ ಚೆಲ್ಲಿತು. ಬೂದಿಕೋಟೆ ರಸ್ತೆಯ ಈ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಗಾಳಿ, ನೀರು, ಕರೆಂಟು ಎಲ್ಲೆಲ್ಲಿ ಹರಿಯಬೇಕೆಂದು ನಕ್ಷೆ ಬರೆದ ಬೆಂಗಳೂರಿನ ಇಂಜಿನಿಯರು ತಲೆಯನ್ನೂ ಎತ್ತಲಿಲ್ಲ. ಅವನನ್ನೊಂದು ಮಾತು ಕೇಳಲೆಂದೇ ಟೀ ತಂದಿದ್ದೆ. ಹಾಳಾದವನು ಹೊಡೆದನೆಂದು ವಾಪಸು ಹೋಗಲೇ?

“ಸಾ, ಕಲ್ಲುಜ್ಜೋ ಮಿಷನ್ ಧೂಳು ಎಲ್ಲಿಗೋಗ್ತದೆ?”

“ಪೈಪಲ್ಲಿ ಆಚೆ ಹೋಗುತ್ತಮ್ಮ. ಒಳಗೆ ಒಂದು ಚೂರೂ ನಿಲ್ಲಲ್ಲ,” ಎಂದು ಇಂಜಿನಿಯರು ನಕ್ಷೆಯಲ್ಲಿ ಬಾಣದ ಗುರುತು ತೋರಿಸಿದ.

“ಆಚೆ ನಾವಿದ್ದೀವಲ್ಲ ಸಾ. ಪೈಪಿನ ಬಾಯಿ ನಮ್ಮ ತಗಡಿನ ಶೆಡ್ಡಿನೊಳಕ್ಕೇ ಅದೆ.”

ಅವನು ನಕ್ಷೆಯ ಮೇಲೆ ಬೆರಳಾಡಿಸಿದ. “ಇಲ್ಲೇನೂ ಇಲ್ವಲ್ಲ. ಖಾಲಿ ಜಾಗ.”

“ಅನ್ನೊಂದು ಜನ ಎಂಗಸ್ರು ಕಲ್ಲು ತೊಳ್ದು ಪ್ಯಾಕ್ ಮಾಡ್ತೀವಿ. ನಮ್ಮನ್ನೂ ಬರ್ಕಳಿ ಸಾ.”

“ಶೆಡ್ ತೋರಿಸಿದ್ರೆ ಪೈಪು ತಿರುಗಿಸಿ ಚಾವಣಿ ಮೇಲಕ್ಕೆ ಏರಿಸಬೇಕಾಗುತ್ತೆ. ನಾಳೆ ಓನರ್ ಬರ್ತಾರೆ. ಈಗ ಆಗಲ್ಲ.”

“ಗುತ್ತಿಗೆಯೋರು ಸಾರ್, ಇವತ್ತಿರ್ತಾರೆ ನಾಳೆ ಇರಲ್ಲ,” ಎಂದ ಅಶ್ವತ್ಥಪ್ಪ. “ಲೇ ಮುನಿಗಂಗಿ, ನಡಿಯೇ ಆಚೆಗೆ!”

ಮೈಸೂರು ಮೈನ್ಸಿನ ಚಿನ್ನದ ಗಣಿಗೆ ಇಳಿಯುತ್ತಿದ್ದ ನಮ್ಮಪ್ಪ ಕೊನೆಯ ಮೂರು ವರ್ಷ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ. ಮಲಗಿದರೆ ಕಲ್ಲಿನ ಧೂಳಿನ ಕೆಮ್ಮು ಹತ್ತಿ ಉಸಿರು ಕಟ್ಟುತ್ತಿತ್ತು. ಹೋದ ತಿಂಗಳು ಮಿಷನ್ನು ಟ್ರಯಲ್ ಓಡಲು ಶುರುವಾದಾಗಿನಿಂದ, ಪೈಪಿನ ಎದುರಿಗೇ ಕೂರುವ ನನ್ನ ಮಗಳು ರೂಪ ಅದೇ ಕೆಮ್ಮು ಕೆಮ್ಮುತ್ತಿದ್ದಾಳೆ.

ಮರುದಿನ ಓನರು ಬಂದ. ಒಳಗೆ ಅವನು ಮಿಷನ್ನಿಗೆ ಕಾಯಿ ಒಡೆಯುವಷ್ಟರಲ್ಲಿ ನಾವು ಗೋಣಿಚೀಲ, ಹಳೇ ಸೀರೆ, ಸಿಕ್ಕಿದ್ದನ್ನೆಲ್ಲ ಪೈಪಿನ ಬಾಯಿಗೆ ತುರುಕಿದೆವು. ಮೇಲೊಂದು ಹಲಗೆ ಕೊಟ್ಟು, ಬೆನ್ನು ಒತ್ತಿ ನಿಂತೆವು. ಬೇಡವೆಂದರೂ ರೂಪ ಬಂದು ನನ್ನ ಪಕ್ಕ ನಿಂತಳು.

ಮಿಷನ್ನು ಓಡಿದ ಸ್ವಲ್ಪ ಹೊತ್ತಿಗೇ ಒಳಗೆ ಕೂಗಾಟ. ಇಂಜಿನಿಯರು ಓಡಿ ಬಂದ, ತಲೆ ಹುಬ್ಬೆಲ್ಲ ಧೂಳು ಮೆತ್ತಿ ಬೆಳ್ಳಗೆ. ಅವನ ಹಿಂದೆ ಅಶ್ವತ್ಥಪ್ಪ.

“ತೆಗೀರೇ ಬೇವರ್ಸಿಗಳಾ! ಓನರ್‌ಗೆ ಉಸಿರು ಕಟ್ತಾ ಐತೆ!”

“ಇಲ್ಲಿಗೇ ಕರ್ಕಂಬಾ. ಒಂದು ದಿನ ನಮ್ಮ ಜತೆ ಕೂತ್ಕಳ್ಳಿ,” ಎಂದೆ.

ಇಂಜಿನಿಯರು ಕೆಮ್ಮಿ ಕೆಮ್ಮಿ ಮಂಡಿಯೂರಿದ. ಅಯ್ಯೋ ಎನಿಸಿತು. ನಿಂತಲ್ಲಿಂದಲೇ ನಮ್ಮ ಕುಡಿಯುವ ನೀರಿನ ಚೊಂಬು ಚಾಚಿದೆ. ಗಟಗಟ ಕುಡಿದ.

ಹಲಗೆಯಿಂದ ಬೆನ್ನು ಮಾತ್ರ ಯಾರೂ ತೆಗೆಯಲಿಲ್ಲ.