ಬೆನ್ನು ನೋಡುವ ಶಾಸ್ತ್ರ

ನನ್ನನ್ನು ನೋಡಲು ಗುಂಡ್ಲುಪೇಟೆ ಪಕ್ಕದ ಹಂಗಳದಿಂದ ಗಂಡಿನವರು ಬರುವುದಕ್ಕೂ ನನ್ನ ಪರೀಕ್ಷೆಗೂ ಒಂದೇ ಭಾನುವಾರ ಗೊತ್ತಾಯಿತು. ಅದರಲ್ಲಿ ಅಪ್ಪನ ತಪ್ಪೇನೂ ಇಲ್ಲ. ಪಂಚಾಂಗ ಬರೆಯುವವರು ಪರೀಕ್ಷೆಗಳನ್ನು ವಿಚಾರಿಸಿಕೊಂಡು ಬರೆಯುವುದಿಲ್ಲ. ಆದರೂ ನನಗೆ ಅಪ್ಪನ ಮೇಲೇ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಯಾರಾದರೂ ಹತ್ತಿರದವರು ಬೇಕಲ್ಲ.

ಅದು ಐವತ್ತೈದನೆಯ ಇಸವಿ. ನಾನು, ಚಿಕ್ಕಮಲ್ಲಮ್ಮ, ಚಾಮರಾಜನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಉಳಿದ ಉಪಾಧ್ಯಾಯಿನಿಯರೆಲ್ಲ ಮೈಭಾರದವರಾದ್ದರಿಂದ ಡ್ರಿಲ್ಲೂ ನನ್ನ ತಲೆಗೇ ಬಿದ್ದಿತ್ತು. ಅಪ್ಪ ಮರಿಮಲ್ಲಪ್ಪ ಅರಿಸಿನದ ವ್ಯಾಪಾರಿ. "ಮದ್ವೆ ಆಗೋಗಂಟ ಮಾಡ್ಲಿ ಬುಡು" ಎಂದು ಅವ್ವನಿಗೆ ಹೇಳಿ ನನ್ನನ್ನು ಕೆಲಸಕ್ಕೆ ಕಳಿಸಿದ್ದ.

ಆ ಬೇಸಿಗೆಯಲ್ಲಿ ಡಾಕ್ಟರ್ ಗಂಗಾಧರಸ್ವಾಮಿ ಎಂಬವರು ಮೈಸೂರಿನಿಂದ ಬಂದು ನಮ್ಮೂರಲ್ಲಿ ತರಬೇತಿ ಶಿಬಿರ ನಡೆಸಿದರು. ಯುರೋಪಿನಲ್ಲಿ ಕಲಿತು ಬಂದವರು. ಡ್ರಿಲ್ ಮೇಷ್ಟ್ರುಗಳು, ಗರಡಿ ಉಸ್ತಾದರು, ಆಸ್ಪತ್ರೆಯ ಕಾಂಪೌಂಡರುಗಳು, ನರ್ಸಮ್ಮಂದಿರು, ಹೀಗೆ ಮೈ ದುಡಿಸುವವರೂ ಮೈ ರಿಪೇರಿ ಮಾಡುವವರೂ ಒಂದೇ ಜಮಖಾನದ ಮೇಲೆ ಕೂತದ್ದು ಅದೇ ಮೊದಲು. ನಡುವೆ ಒಂದು ಪರದೆ ಕಟ್ಟಿ ಹೆಂಗಸರಿಗೆ ಆಚೆ ಜಾಗ ಕೊಟ್ಟಿದ್ದರು. ಪರದೆ ಹಳೆಯದು, ತೂತುಗಳಿದ್ದವು, ನಮಗೆ ಎಲ್ಲ ಕಾಣುತ್ತಿತ್ತು.

ಡಾಕ್ಟರ ಪಾಠ ಇಷ್ಟೆ. ಹುಟ್ಟಿದ ಕೂಸು ಉಸಿರಾಡುತ್ತ, ಕಾಲೆತ್ತುತ್ತ, ಮಗುಚುತ್ತ, ಅಂಬೆಗಾಲಿಡುತ್ತ ಒಂದು ವರ್ಷದಲ್ಲಿ ತನ್ನ ಬೆನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಆಮೇಲೆ ಮೂಟೆ, ಕುರ್ಚಿ, ಮರ್ಯಾದೆ ಎಲ್ಲ ಸೇರಿ ಅದನ್ನು ಕೆಡಿಸುತ್ತವೆ. ನೋಯುವ ಬೆನ್ನಿಗೆ ಎಣ್ಣೆ ಉಜ್ಜಿದರೆ ಸಾಲದು. ಉಸಿರು ಹೊಟ್ಟೆಯ ಸುತ್ತಲೂ ತುಂಬಿ ಒಳಗಿನಿಂದ ಬಿಗಿ ಬರಬೇಕು. ಅದಕ್ಕೆ ಮತ್ತೆ ಕೂಸಾಗಬೇಕು.

ಕೂಸಾಗುವುದು ಹುಡುಗಾಟವಲ್ಲ. "ಎದೆ ಮುಂದೆ, ಹೊಟ್ಟೆ ಒಳಗೆ" ಎಂದು ಜೀವಮಾನವೆಲ್ಲ ಕೂಗಿದ ಡ್ರಿಲ್ ಮೇಷ್ಟ್ರುಗಳಿಗೆ ಹೊಟ್ಟೆ ಸಡಿಲ ಬಿಡಿ ಎಂದರೆ ಕೆಲಸ ಬಿಡಿ ಎಂದಷ್ಟೇ ಕಷ್ಟವಾಯಿತು. ಮೀಸೆ ತಿರುವಿದ ಉಸ್ತಾದರೊಬ್ಬರು ಅಂಗಾತ ಮಲಗಿ ಕಾಲು ಮೇಲೆತ್ತಿದಾಗ ನಾನು ಕಿಸಕ್ಕನೆ ನಕ್ಕೆ; ಡಾಕ್ಟರು ನನ್ನನ್ನು ಹೊರಗೆ ನಿಲ್ಲಿಸಿದರು. ಕಾಂಪೌಂಡರ್ ಸೋಮಯ್ಯನವರಂತೂ ಮಲಗಿದ ತಕ್ಷಣ ಗೊರಕೆ ಹೊಡೆಯುತ್ತಿದ್ದರು. "ಇವರೊಬ್ಬರೇ ನಿಜವಾದ ಕೂಸು" ಎಂದು ಡಾಕ್ಟರು ಮೆಚ್ಚಿಕೊಂಡರು.

ಪರೀಕ್ಷೆಯಲ್ಲಿ ಗೆದ್ದವರನ್ನು ಗುಂಡ್ಲುಪೇಟೆಯ ಶಿಬಿರಕ್ಕೆ ಪಾಠ ಹೇಳಲು ಕಳಿಸುವುದೆಂದೂ ಅಲ್ಲೇ ಶಾಲೆಯಲ್ಲಿ ಕೆಲಸ ಕೊಡುವುದೆಂದೂ ಗೊತ್ತಾಗಿತ್ತು. ಆ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಮಾದಪ್ಪನ ಬೆಟ್ಟಕ್ಕೆ ಕಾಲುನಡಿಗೆಯಲ್ಲಿ ಬರುತ್ತೇನೆಂದು ಹರಕೆ ಹೊತ್ತಿದ್ದೆ. ಹಂಗಳದವರು ಮಾತ್ರ ಮೊದಲೇ ಹೇಳಿ ಕಳಿಸಿದ್ದರು: ಮದುವೆಯಾದ ಮೇಲೆ ಸ್ಕೂಲು ಗೀಲು ಏನೂ ಇಲ್ಲ, ಮನೆಯಲ್ಲಿ ಬೇಕಾದಷ್ಟು ಕೆಲಸವಿದೆ.

ಪರೀಕ್ಷೆಯ ರೀತಿ ಹೀಗಿತ್ತು: ಎಂದೂ ನೋಡಿರದ ಒಬ್ಬರನ್ನು ಆರಿಸಿಕೊಂಡು, ಅವರು ಕೂರುವುದು ಏಳುವುದು ನೋಡಿ ಮೈ ಎಲ್ಲಿ ಸೋತಿದೆ ಎಂದು ಹೇಳಬೇಕು, ಮೊದಲ ಪಾಠ ಕಲಿಸಬೇಕು. ಭಾನುವಾರ ಮನೆಯಿಂದ ಕಾಲು ಹೊರಗಿಡಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದಾಗ ನಾನು ಸೋಮಯ್ಯನವರ ಕೈಲಿ ಡಾಕ್ಟರಿಗೆ ಸುದ್ದಿ ಕಳಿಸಿದೆ. ಸೋಮಯ್ಯನವರು ನಗುತ್ತಲೇ ಹಿಂದಿರುಗಿದರು.

"ಎಣ್ಣು ನೋಡಕ್ಕ ಬರೋರ್ಗಿಂತ ಗುರ್ತಿಲ್ದೋರು ಇನ್ಯಾರು ಸಿಕ್ಕಾರು, ನಾನೇ ಅಲ್ಗ ಬತ್ತೀನಿ ಅಂದವ್ರೆ ಕಣಮ್ಮಿ."

ಭಾನುವಾರ ಮಧ್ಯಾಹ್ನ ಗಂಡು ಸಿದ್ದಮಲ್ಲಪ್ಪ, ಅವರ ತಂದೆ ಮಹದೇವಪ್ಪ, ತಾಯಿ ದೊಡ್ಡಮಲ್ಲಮ್ಮ ಬಸ್ಸಿಳಿದು ಬಂದರು. ಅವರ ಬೆನ್ನಿಗೇ ಕೋಟು ತೊಟ್ಟು, ಕನ್ನಡಕ ಹಾಕಿಕೊಂಡು ಡಾಕ್ಟರೂ ಒಳಗೆ ಬಂದರು. ಅಪ್ಪ ಅವರನ್ನು ಹಿಂದೆ ಕಂಡವನಲ್ಲ. ಗಂಡಿನ ಕಡೆಯ ಯಾರೋ ದೊಡ್ಡ ಮನುಷ್ಯರೆಂದುಕೊಂಡು ಕುರ್ಚಿ ಹಾಕಿಸಿದ. ಹಂಗಳದವರು ಅವರನ್ನು ನಮ್ಮ ಕಡೆಯ ಹಿರಿಯರೆಂದು ತಿಳಿದು ಎದ್ದು ನಿಂತು ಶರಣು ಹೇಳಿದರು. ಡಾಕ್ಟರು ಎರಡೂ ಕಡೆಯ ಮರ್ಯಾದೆಯನ್ನು ಸ್ವೀಕರಿಸಿ ಎರಡು ತಟ್ಟೆ ಕೇಸರಿಬಾತು ತಿಂದರು. ನಿಜ ಗೊತ್ತಿದ್ದವಳು ನಾನೊಬ್ಬಳೇ; ನನ್ನ ಬಾಯಿಗೆ ಬೀಗ ಬಿದ್ದಿತ್ತು.

ಶಾಸ್ತ್ರ ಶುರುವಾಯಿತು. ಹುಡುಗಿ ಕುಂಟಿಯೋ ಏನೋ ಎಂದು ನಡೆಸಿ ನೋಡಿದರು. ಮಹದೇವಪ್ಪನವರು ಚೊಂಬು ಎತ್ತಿಸಿದರು. ಸಂತೆಯಲ್ಲಿ ಹಸುವಿಗಾದರೂ ಮೊದಲು ಹಿಂಡಿ ತಿನ್ನಿಸುತ್ತಾರೆ.

"ಸರಿ, ಹುಡುಗಿ ನಡೆದದ್ದಾಯಿತು. ಈಗ ಹುಡುಗಿ ನೋಡಲಿ" ಎಂದರು ಡಾಕ್ಟರು.

ಅಪ್ಪ ಮಹದೇವಪ್ಪನವರ ಮುಖ ನೋಡಿದ, ಮಹದೇವಪ್ಪನವರು ಅಪ್ಪನ ಮುಖ ನೋಡಿದರು. ಎದುರು ಕಡೆಯ ಹಿರಿಯರ ಮಾತು ತೆಗೆದುಹಾಕುವುದು ಹೇಗೆ? "ಆಗ್ಲಿ ಬುಡಿ, ಕಾಲ ಅಂಗೈತೆ" ಎಂದು ಇಬ್ಬರೂ ಒಟ್ಟಿಗೆ ಅಂದರು.

ನಾನು ತಲೆ ತಗ್ಗಿಸಿಕೊಂಡೇ, ಕೈ ಊರದೆ ಚಾಪೆಯಿಂದ ಏಳಬೇಕೆಂದು ಸಿದ್ದಮಲ್ಲಪ್ಪನವರಿಗೆ ಹೇಳಿದೆ. ಅವರಿಗೆ ಅದು ಪಂಥದಂತೆ ಕಂಡಿರಬೇಕು. ಕಚ್ಚೆ ಬಿಗಿಮಾಡಿ, ಉಸಿರು ಹಿಡಿದು, ಕೆನ್ನೆ ಉಬ್ಬಿಸಿ ಅರ್ಧ ಎದ್ದರು. ಅಲ್ಲಿಂದ ವಾಲಿ ತಮ್ಮ ತಂದೆಯ ತೊಡೆಯ ಮೇಲೆ ಕುಳಿತರು.

"ರಾಗಿ ಮೂಟೆ ಒಬ್ನೇ ಎತ್ತೀನಿ ಕಣ್ರೀ! ಇದ್ಯಾವ ಸೀಮೆ ಲೆಕ್ಕ?" ಎಂದು ಅವರು ಮತ್ತೆ ಪ್ರಯತ್ನಿಸಿ ಈ ಸಲ ಗೋಡೆಗೆ ಒರಗಿದರು.

"ಏಳಲಾ, ಮಾನ ಕಳೀಬ್ಯಾಡ" ಎಂದು ಮಹದೇವಪ್ಪನವರು ಗದರಿದರು. ದೊಡ್ಡಮಲ್ಲಮ್ಮನವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಕ್ಕವರು ತಟಕ್ಕನೆ ನಿಲ್ಲಿಸಿ ಸೊಂಟ ಹಿಡಿದುಕೊಂಡರು.

ಅವರು ಬಂದಾಗಿನಿಂದಲೂ ನಾನು ಅವರನ್ನು ಗಮನಿಸುತ್ತಿದ್ದೆ. ಕಂಬ ಹಿಡಿದು ಕೂತಿದ್ದರು. ಅವ್ವ ಕೊಟ್ಟ ತಟ್ಟೆಗೆ ಕೈ ಚಾಚುವಾಗ ತುಟಿ ಕಚ್ಚಿದ್ದರು. ಉಸಿರೆಲ್ಲ ಕತ್ತಿನ ಬುಡದಲ್ಲೇ ಇತ್ತು, ಕೆಳಗೆ ಇಳಿಯುತ್ತಲೇ ಇರಲಿಲ್ಲ.

"ಯಾರನ್ನ ಆರಿಸ್ಕೊಂಡಿರಿ?" ಎಂದು ಡಾಕ್ಟರು ಕೇಳಿದರು.

ಎಲ್ಲರೂ ಸಿದ್ದಮಲ್ಲಪ್ಪನವರ ಕಡೆ ನೋಡಿದರು. ಅವರು ಶಲ್ಯ ಸರಿಮಾಡಿಕೊಂಡರು.

"ಇವರ ತಾಯಿಯವರನ್ನ" ಎಂದೆ.

ಗಂಡಸರನ್ನೆಲ್ಲ ಜಗಲಿಗೆ ಕಳಿಸಿದೆವು. ಡಾಕ್ಟರು ಮಾತ್ರ ಬಾಗಿಲಿಗೆ ಬೆನ್ನು ಮಾಡಿ ಕೂತು ಒಳಗಿನ ಮಾತಿಗೆ ಕಿವಿ ಕೊಟ್ಟರು. ನಾನು ದೊಡ್ಡಮಲ್ಲಮ್ಮನವರಿಗೆ ಇದು ಗುಂಡ್ಲುಪೇಟೆಯ ಕೆಲಸದ ಪರೀಕ್ಷೆಯೆಂದು ಪಿಸುಗುಟ್ಟಿ, ಅವರನ್ನು ಅಂಗಾತ ಮಲಗಿಸಿ, ಹಾಸಿಗೆ ಸುರುಳಿಯ ಮೇಲೆ ಅವರ ಮೀನಖಂಡಗಳನ್ನು ಇಟ್ಟೆ. ಪಕ್ಕೆಲುಬಿನ ಕೆಳಗೆ ಎರಡು ಕಡೆಯೂ ಕೈ ಇಟ್ಟು, ಉಸಿರು ನನ್ನ ಕೈ ತಳ್ಳಬೇಕು ಎಂದೆ.

"ಅಲ್ಗೆಲ್ಲಿ ಓಯ್ತದ ಉಸ್ರು? ಎಂಟು ಮಕ್ಳು ಇದ್ದೋದ ಜಾಗ ಅದು. ಎಲ್ಲಾ ಗುಡಿಸ್ಕೊಂಡು ಓಗವೆ."

"ಜಾಗ ಖಾಲಿ ಇದ್ಯಲ್ಲ ಅವ್ವಾರೆ, ಕಳಿಸಿ ನೋಡಿ."

ಮೊದಲು ಏನೂ ಬರಲಿಲ್ಲ. ಭುಜ ಏರಿತು, ಕತ್ತು ಬಿಗಿಯಿತು. ನಾನು ಕಾದೆ. ಸ್ವಲ್ಪ ಹೊತ್ತಿಗೆ ನನ್ನ ಅಂಗೈಯನ್ನು ಯಾವುದೋ ಮೆಲ್ಲಗೆ ತಳ್ಳಿತು, ಮತ್ತೆ ತಳ್ಳಿತು. ಅವರ ಹುಬ್ಬಿನ ಗಂಟು ಬಿಚ್ಚಿಕೊಂಡಿತು. ಆಗ ನನಗಾದ ಸಂತೋಷಕ್ಕೆ ಪಾರವಿರಲಿಲ್ಲ. ಪರೀಕ್ಷೆ ಮರೆತೇ ಹೋಯಿತು.

ನೋಡಿದರೆ ಅವರ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. "ನೋವಾಯ್ತಾ?" ಎಂದೆ.

"ಇಲ್ಲ ಕಣಮ್ಮಿ. ಮದ್ವೆ ಆಗಿ ಬಂದಾಗಿಂದ, ಅಗಲೊತ್ನಲ್ಲಿ ಮನಿಕೊ ಅಂತ ನಂಗ ಒಬ್ರೂ ಏಳಿರ್ನಿಲ್ಲ."

ಅಷ್ಟು ಹೇಳಿ ಕಣ್ಣು ಮುಚ್ಚಿದವರು ನಿದ್ದೆ ಹೋದರು. ಸೋಮಯ್ಯನವರ ಗೊರಕೆ ಇವರದರ ಮುಂದೆ ಏನೂ ಅಲ್ಲ.

ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ಜಗಲಿಯಲ್ಲಿ ಅಪ್ಪನಿಗೆ ಚಡಪಡಿಕೆ. ನಾಲ್ಕೂವರೆಗೆ ರಾಹುಕಾಲ, ಅದರೊಳಗೆ ಮಾತು ಮುಗಿಯಬೇಕು. "ಏಯ್, ಎದ್ದೇಳೇ" ಎಂದು ಮಹದೇವಪ್ಪನವರು ಒಮ್ಮೆ ಕೂಗಿದರು. ಡಾಕ್ಟರು ಬೆರಳೆತ್ತಿ ಸುಮ್ಮನಿರಿಸಿದರು. ಹಿರಿಯರ ಬೆರಳಿಗೆ ಎರಡೂ ಕಡೆಯವರು ತಗ್ಗಿ ಕೂತರು. ರಾಹುಕಾಲ ಬಂದೇ ಬಂತು.

ದೊಡ್ಡಮಲ್ಲಮ್ಮನವರು ಎದ್ದಾಗ ನಾನು ಹೇಳಿದಂತೆ ಪಕ್ಕಕ್ಕೆ ಮಗುಚಿ, ಕೈಯೂರಿ, ಕಂಬದ ಸಹಾಯವಿಲ್ಲದೆ ಎದ್ದರು. ಮುಖ ತೊಳೆದು, ವಿಭೂತಿ ಇಟ್ಟುಕೊಂಡು ಜಗಲಿಗೆ ಬಂದು ನಿಂತರು.

"ಈ ಉಡ್ಗಿ ನಮ್ಮನಗ ಬ್ಯಾಡ."

ಅಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಸಿದ್ದಮಲ್ಲಪ್ಪನವರ ಬಾಯಿ ತೆರೆದುಕೊಂಡಿತು.

"ರಾವುಕಾಲದಲ್ಲಿ ಇದೆಂಥ ಮಾತು?" ಎಂದರು ಮಹದೇವಪ್ಪನವರು.

"ಬ್ಯಾಡ ಅನ್ನಕ್ಕ ರಾವುಕಾಲ ಅಡ್ಡಿಲ್ಲ. ಕೇಳಿ, ಉಡ್ಗಿ ಚಿನ್ನದಂಗವ್ಳೆ. ಆದ್ರ ನನ್ನ ಬುದ್ಧಿ ನಂಗ ಗೊತ್ತು. ಸೊಸೆ ಅಂತ ಒಳಕ್ಕ ಬಂದ್ರ ನಾಳೀಕೆ ಕೋಳಿ ಕೂಗದ್ಕೂ ಮುಂಚ ನಾನೇ ಇವಳ್ನ ಬೀಸೋಕಲ್ಲಿಗ ಕೂರ್ಸ್ಬುಡ್ತೀನಿ. ನಮ್ಮತ್ತೆ ನಂಗ ಕಲ್ಸಿರದೇ ಅಷ್ಟು. ಆಮ್ಯಾಕ ನನ್ನ ಸೊಂಟ ನೋಡೋರು ಯಾರು? ಇವಳು ಗುಂಡ್ಲುಪೇಟ್ಗ ಬರ್ಲಿ, ನಾನು ಬಸ್ ಅತ್ತಿ ಬತ್ತೀನಿ."

ಡಾಕ್ಟರು ಎದ್ದು ನನ್ನ ಕಡೆ ತಿರುಗಿ "ಪಾಸು" ಎಂದು ಹೇಳಿ, ರೈಲಿಗೆ ಹೊತ್ತಾಯಿತೆಂದು ನಡೆದೇ ಬಿಟ್ಟರು.

"ನಿಮ್ಮ ದೊಡ್ಡೋರು ಹಿಂಗ್ಯಾಕ ಹೊರಟ್ರು?" ಎಂದು ಅಪ್ಪ ಕೇಳಿದ.

"ನಮ್ಮೋರಾ? ನಿಮ್ಮೋರಲ್ವಾ?" ಎಂದರು ಮಹದೇವಪ್ಪನವರು.

ಆ ಸಂಜೆ ಅಪ್ಪ ನನಗೆ ಬೈದದ್ದನ್ನು ಬರೆಯಲಾರೆ. ನನಗೂ ಒಂದಿಷ್ಟು ಬೇಜಾರಾಗಿತ್ತು. ಬೇಡ ಎಂದುಕೊಂಡಿದ್ದ ಸಂಬಂಧವೇ ಆದರೂ ಬೇಡ ಅನ್ನಿಸಿಕೊಳ್ಳುವುದು ಬೇರೆ. ಆದರೆ ಬೈದು ಬೈದು ಸುಸ್ತಾದ ಅಪ್ಪ ಕೊನೆಗೆ ತಾನೇ ನನ್ನ ಪೆಟ್ಟಿಗೆ ಹೊತ್ತು ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿಗೆ ಹತ್ತಿಸಿ ಬಂದ.

ಗುಂಡ್ಲುಪೇಟೆಯ ಶಿಬಿರದಲ್ಲಿ ನಾನು ಮೀಸೆಯವರಿಗೆ ಕಾಲೆತ್ತುವುದನ್ನೂ ಕಾಂಪೌಂಡರುಗಳಿಗೆ ಕೈಯಿಟ್ಟು ಉಸಿರು ಹುಡುಕುವುದನ್ನೂ ಕಲಿಸಿದೆ. ಅವರು ನೋಡಿ ಕಲಿಯಲು ನಿಜವಾದ ಬೆನ್ನೊಂದು ಬೇಕಿತ್ತು. ದೊಡ್ಡಮಲ್ಲಮ್ಮನವರು ಮಾತಿಗೆ ತಪ್ಪದೆ ಬರುತ್ತಿದ್ದರು. ಪರದೆ ಗಿರದೆ ಏನೂ ಬೇಡವೆಂದು, ಗೋಣಿಚೀಲ ಹಾಸಿಕೊಂಡು, ಎಲ್ಲ ಮೇಷ್ಟ್ರುಗಳ ಎದುರೇ ಮಲಗಿ, "ಸರ್ಯಾಗಿ ನೋಡ್ಕಳ್ರಪ್ಪಾ" ಎಂದು ಅವರಿಗೆ ಪಾಠ ಹೇಳುವಷ್ಟು ಮುಂದುವರಿದರು.

ಮುಂದಿನ ವರ್ಷ ಒಂದು ದಿನ ಅವರ ಹಿಂದೆ ಹೊಸ ಸೀರೆಯುಟ್ಟ ಹುಡುಗಿಯೊಬ್ಬಳು ಬಸ್ಸಿಳಿದಳು. ಕೆನ್ನೆ ಬತ್ತಿತ್ತು, ಅಂಗೈಯಲ್ಲಿ ಬೀಸುಗಲ್ಲಿನ ಗುಳ್ಳೆ ಎದ್ದಿತ್ತು. ದೊಡ್ಡಮಲ್ಲಮ್ಮನವರು ಅವಳನ್ನು ನನ್ನ ಮುಂದೆ ನಿಲ್ಲಿಸಿ ಬೇರೆ ಕಡೆ ಮುಖ ತಿರುಗಿಸಿಕೊಂಡರು.

"ಸಿದ್ದಮಲ್ಲಪ್ಪನ ಎಡ್ತಿ. ಇವಳ್ಗೂ ಒಸಿ ಮನಿಕೊ ಅಂತ ನೀನೇ ಏಳಮ್ಮಿ. ಮನೇಲಿ ಆ ಮಾತು ನನ್ ಬಾಯಿಗ ಬರಾಕಿಲ್ಲ."