ಮಲ್ಲಿಗೆಗೊಂದು ತಂಪುಪೆಟ್ಟಿಗೆ

ಪೆಟ್ಟಿಗೆಯ ಮುಚ್ಚಳ ತೆಗೆದಾಗಲೆಲ್ಲ ಒಳಗೆ ಯಾರೋ ಮಲಗಿದ್ದಾರೆ ಎಂದು ಶಿವರಂಜಿನಿಗೆ ಅನ್ನಿಸುತ್ತಿತ್ತು. ತಣ್ಣನೆಯ ಉಸಿರೊಂದು ಮುಖಕ್ಕೆ ತಾಕುತ್ತಿತ್ತು. ಬೆಳಗ್ಗೆ ಇಟ್ಟ ಮಲ್ಲಿಗೆ ಮೊಗ್ಗು ಸಂಜೆಗೂ ಹಾಗೇ ಇರುತ್ತಿತ್ತು, ಬಿಗಿಯಾಗಿ, ಹಾಲುಬಿಳುಪಾಗಿ. ಅವಳೂ ಕಾಲೇಜು ಗೆಳೆಯ ರುದ್ರೇಶನೂ ಚಾಮರಾಜಪೇಟೆಯ ಒಂದು ಮಹಡಿಯ ಮೇಲೆ ಶುರು ಮಾಡಿದ ಪುಟ್ಟ ಕಂಪನಿಯ ಮೊದಲ ವಸ್ತು ಅದು. ನೆತ್ತಿಯ ಮೇಲೆ ಸೋಲಾರ್ ಪ್ಯಾನೆಲ್, ಒಳಗೆ ತಂಪು. ಫುಟ್‌ಪಾತಿನಲ್ಲಿ ಹೂವು ಮಾರುವವರಿಗೆಂದೇ ಮಾಡಿದ್ದು.

ಆವತ್ತು ಪೆಟ್ಟಿಗೆ ಮೊದಲ ಸಲ ಬೀದಿಗೆ ಬಂದಿತ್ತು. ಮಲ್ಲೇಶ್ವರದಲ್ಲಿ ಹೂವು ಮಾರುವ ಪಿಳ್ಳಮ್ಮ ಮಧ್ಯಾಹ್ನದ ಬಿಸಿಲಿಗೆ ಮುಚ್ಚಳ ತೆಗೆದು ಇಣುಕಿದರು.

"ಇದೇನವ್ವಾ, ಬೆಳಗ್ಗೆ ಕಟ್ಟಿದ್ದು ಹಂಗೇ ಕೂತದೆ. ನನ್ನನ್ನೂ ಇದ್ರೊಳಗೆ ಕೂರ್ಸು, ವಯಸ್ಸಾಗ್ದಂಗೆ ಇರ್ತೀನಿ."

ನಗುತ್ತಲೇ ಒಂದು ಮೊಳ ಕತ್ತರಿಸಿ ಶಿವರಂಜಿನಿಯ ಜಡೆಗೆ ಸಿಕ್ಕಿಸಿದರು.

ರುದ್ರೇಶ್ ಪೀಣ್ಯದಲ್ಲಿದ್ದ. ಪೆಟ್ಟಿಗೆಯ ಪ್ಲಾಸ್ಟಿಕ್ ಮೈಗೆ ಉಕ್ಕಿನ ಅಚ್ಚು ಕೊರೆಯುವವರು ಸಂಜೆಯೊಳಗೆ ಒಪ್ಪಿಗೆ ಕೇಳಿದ್ದರು. ಒಮ್ಮೆ ಕೊರೆದರೆ ಆಕಾರ ಬದಲಿಸುವಂತಿಲ್ಲ. ಇವತ್ತು ತಪ್ಪಿದರೆ ಮತ್ತೆ ಇವರ ಸರದಿ ಬರುವುದು ದೀಪಾವಳಿ ಕಳೆದ ಮೇಲೆ. ಅಷ್ಟು ಕಾಲ ಕಂಪನಿ ಉಸಿರು ಹಿಡಿದಿರಬಲ್ಲದೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಮೊಗ್ಗಿನ ಫೋಟೋ ಕಳಿಸಿದಳು. ಅವನು ಎತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿದ.

ಮಗಳು ಚೈತನ್ಯಾಳ ಸಂಗೀತದ ಕ್ಲಾಸು ಮುಗಿದಾಗ ಬೀದಿದೀಪ ಹತ್ತುತ್ತಿದ್ದವು. ಸ್ಕೂಟರಿನ ಹಿಂದೆ ಕೂತವಳು ಎಂದಿನಂತೆ ಅಮ್ಮನ ಜಡೆಗೆ ಮೂಗು ಒತ್ತಿದಳು. ಶೇಷಾದ್ರಿಪುರದ ಮರಗಳು ನೀರಿನಡಿಯ ಗಿಡಗಳ ಹಾಗೆ ಮೆಲ್ಲಗೆ ತೂಗುತ್ತಾ ಹಿಂದೆ ಸರಿಯುತ್ತಿದ್ದವು.

"ಅಮ್ಮಾ, ಇದು ಪ್ಲಾಸ್ಟಿಕ್ ಹೂವಾ?"

"ಯಾಕೆ ಪುಟ್ಟಾ?"

"ವಾಸ್ನೇನೇ ಇಲ್ಲ."

ಶಿವರಂಜಿನಿ ಸ್ಕೂಟರ್ ನಿಲ್ಲಿಸಿ ಹೂವನ್ನು ಅಂಗೈಗೆ ತಗೊಂಡಳು. ಪೆಟ್ಟಿಗೆಯಿಂದ ಹೊರಬಂದು ಎಷ್ಟೋ ಹೊತ್ತಾಗಿತ್ತು. ಆದರೂ ಮೊಗ್ಗುಗಳು ರೆಪ್ಪೆ ಬಿಚ್ಚಿರಲಿಲ್ಲ. ಮೂಲೆಯಲ್ಲಿ ಹೂವು ಮಾರುತ್ತಿದ್ದ ಒಬ್ಬಾಕೆಯ ಬಿದಿರು ಬುಟ್ಟಿಯಲ್ಲಿ, ಒದ್ದೆ ಬಟ್ಟೆಯಡಿ, ಅದೇ ಮಲ್ಲಿಗೆ ಬಿರಿದು ಇಡೀ ಬೀದಿಯನ್ನು ಮೈಮರೆಸಿತ್ತು. ಮೊಗ್ಗು ಕೊಳ್ಳುವವರು ಸಂಜೆಗೆ ಅದು ತಲೆಯಲ್ಲಿ ಅರಳಲಿ ಎಂದು ತಾನೇ ಕೊಳ್ಳುವುದು. ಅವಳೂ ಹುಟ್ಟಿದಾಗಿನಿಂದ ಹಾಗೇ ಮುಡಿದವಳು. ವರ್ಕ್‌ಶಾಪಿನಲ್ಲಿ ಮಾತ್ರ ಅದು ನೆನಪಾಗಿರಲಿಲ್ಲ.

ಫೋನು ಮಾಡಿದಳು. "ರುದ್ರೇಶ, ಅಚ್ಚು ಬೇಡ ಅಂತ ಹೇಳ್ಬಿಡು."

"ತಲೆ ಕೆಟ್ಟಿದ್ಯಾ? ಫೋಟೋ ನೀನೇ ಕಳ್ಸಿದ್ದಲ್ವಾ? ಒಂದು ಹೂವೂ ಅರಳಿಲ್ಲ."

"ಅದೇ ಕಣೋ. ಅರಳೇ ಇಲ್ಲ. ಜಾಸ್ತಿ ತಂಪು ಮಾಡಿ, ಗಾಳಿ ಕಟ್ಟಿ ಕೊಂದಿದೀವಿ. ಗಾಳಿಕಂಡಿ ಬೇಕು. ಕಂಡಿ ಬಂದ್ರೆ ಆಕಾರ ಬದಲಾಗುತ್ತೆ."

ಆ ಕಡೆ ಅವನು ಯಂತ್ರಗಳ ಗುಂಯ್‌ಗುಡುವಿಕೆಯಿಂದ ಹೊರಗೆ ಬಂದ.

"ದೀಪಾವಳಿ ಆಗುತ್ತೆ ಗುರೂ," ಅಂದ. "ಅಲ್ಲೀತನಕ ಏನ್ ತಿನ್ನೋದು?"

"ನಮ್ಮತ್ತೆ ಬಸವಮ್ಮನೋರ ರೊಟ್ಟಿ. ಬಂದ್ಬಿಡು."

ಅವನು ಬೈಯುತ್ತಲೇ ಬಂದ. ಪಿಳ್ಳಮ್ಮನಿಂದ ಪೆಟ್ಟಿಗೆ ತಂದು ಮಹಡಿಯ ಮೇಜಿಗೇರಿಸಿದರು. ಅವರ ಬಳಿ ಇದ್ದದ್ದು ಅದೊಂದೇ. ಅದರ ನುಣುಪಾದ ಬದಿಯನ್ನು ರುದ್ರೇಶ್ ಒಮ್ಮೆ ಕೈಯಿಂದ ಸವರಿದ.

"ನೀನೇ ಕೊರಿ. ನನ್ನ ಕೈಲಾಗಲ್ಲ."

ಅವಳು ಡ್ರಿಲ್ ಒತ್ತಿದಳು. ಒಳಗಿನ ಫೋಮು ಬಿಳಿ ಪುಡಿಯಾಗಿ ಮೇಜಿನ ಮೇಲೆ, ಮಗಳ ಪಾದದ ಮೇಲೆ, ನಿಧಾನವಾಗಿ ಇಳಿಯಿತು. ಚೈತನ್ಯಾ ತೂತಿಗೆ ಕಣ್ಣಿಟ್ಟು ನೋಡಿದಳು.

"ಕತ್ಲೆ ಇದೆ."

"ಇರ್ಲಿ," ಅಂದ ರುದ್ರೇಶ್, ಎರಡನೇ ತೂತಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ. "ಎದುರುಗಡೆ ಇನ್ನೊಂದು ಕೊರಿಬೇಕು. ಗಾಳಿ ಒಳಗ್ ಬಂದ್ರೆ ಸಾಕಾ, ಹೋಗೋಕೂ ದಾರಿ ಬೇಕಲ್ಲ."