ಚಾಪೆಯ ಮೇಲೆ ಉಳಿದ ತಿಮಿಂಗಿಲದ ಹಲ್ಲು

ಮುದುಕ ಅಪಿಸಾಯಿ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೇ ಇದ್ದ. ಅವನ ಮಾತು ಮುಗಿದು ಬಹಳ ಹೊತ್ತಾಗಿತ್ತು. ಎದುರಿಗೆ ಕೂತಿದ್ದ ಪೊಲೀಸ್ ಇನ್‌ಸ್ಪೆಕ್ಟರ್ ಸೆಮೆಸಾ ತೊಡೆಯ ಮೇಲಿನ ಕೈ ಎತ್ತಲಿಲ್ಲ. ಹಲ್ಲನ್ನು ತೆಗೆದುಕೊಂಡು ಮೂರು ಸಲ ಬೊಗಸೆ ಚಪ್ಪಾಳೆ ತಟ್ಟಿದರೆ ಬೇಡಿದ್ದನ್ನು ಕೊಟ್ಟ ಹಾಗೆ. ಆಮೇಲೆ ಹಿಂದೆ ಸರಿಯುವುದು ಮನುಷ್ಯರ ಕೆಲಸವಲ್ಲ.

ಬಾಗಿಲ ಬಳಿ ಮುಖ ತಿರುಗಿಸಿ ಕೂತಿದ್ದ ಲಿತಿಯಾನಾ ಸೆಮೆಸಾನ ಒಡಹುಟ್ಟಿದ ತಂಗಿ. ಫಿಜಿಯ ಕಟ್ಟಳೆಯಂತೆ ದೊಡ್ಡವರಾದ ಮೇಲೆ ಅಣ್ಣ-ತಂಗಿ ನೇರ ಮಾತಾಡುವಂತಿಲ್ಲ. ಏನಿದ್ದರೂ ಮೂರನೆಯವರ ಬಾಯಲ್ಲಿ ಹೇಳಿಸಬೇಕು. ಮೂವತ್ತು ವರ್ಷದಿಂದ ಅವಳು ಅಣ್ಣನ ಹೆಸರು ಹಿಡಿದು ಕೂಗಿರಲಿಲ್ಲ. ಗಂಡನೂ ತೀರಿಹೋಗಿದ್ದ. ಹಾಗಾಗಿ ಈಗ ಅವಳ ಬಾಯಿ ಎಂದರೆ ಗಂಡನ ಅಣ್ಣ ಅಪಿಸಾಯಿಯೇ.

"ಕಿತಿಯೋನೆನ ಬಿಟ್ಬಿಡು ಅಂತ ನಾವು ಕೇಳ್ತಿಲ್ಲ ಕಣಪ್ಪಾ," ಎಂದ ಮುದುಕ ಮತ್ತೆ. "ತಪ್ಪು ಮಾಡಿದಾನೆ, ನಮ್ಮ ಫಿಜಿ ಜೈಲಲ್ಲೇ ಕೂಡಿಹಾಕು. ಕಡಲಾಚೆ ಮಾತ್ರ ಕಳಿಸ್ಬೇಡ. ನಿನ್ ತಂಗಿ ಮಗ ಅವ್ನು."

"ಮೂರು ದೇಶದೋರು ಸೇರಿ ಮಾಡಿರೋ ಪಟ್ಟಿ, ಭಾವ. ಆ ಮಾದಕ ಸರಕು ಹೊರಟಿದ್ದು ಆಸ್ಟ್ರೇಲಿಯಾಕ್ಕೆ, ಅವ್ರು ಕೇಳ್ತಿದಾರೆ. ಅದ್ರಲ್ಲಿರೋ ಹೆಸ್ರನ್ನ ನಾನೊಬ್ಬ ಹೊಡೆದು ಹಾಕಕ್ಕಾಗಲ್ಲ."

"ಬೇರೆ ದಿನ ಆಗಿದ್ರೆ ಭಾವ-ಮೈದುನ ಅಂತ ನಿನ್ ಹೊಟ್ಟೆ ನೋಡಿ ನಾಲ್ಕು ಮಾತಾಡಿ ನಗಿಸ್ತಿದ್ದೆ. ಇವತ್ತು ನಾಲಿಗೆ ಏಳ್ತಿಲ್ಲ."

ಸೆಮೆಸಾ ತಲೆ ತಗ್ಗಿಸಿದ. ಹೊರಗೆ ದೀವಿ ಹಲಸಿನ ಮರದಡಿ ಅವನ ಜೊತೆ ಬಂದ ಇಬ್ಬರು ಕಾಯುತ್ತಿದ್ದರು: ಟೋಂಗಾದ ಒಬ್ಬ ನಾವಿಕ, ಆಸ್ಟ್ರೇಲಿಯಾದ ಒಬ್ಬ ಪೊಲೀಸ್ ಅಧಿಕಾರಿಣಿ. ಹವಳದ ದಿಬ್ಬದಾಚೆ ಗಸ್ತು ಹಡಗು ನಿಂತಿತ್ತು.

ಊರು ಕೆಟ್ಟಿದ್ದು ಮರ್ಯಾದೆಯಿಂದಲೇ. ಎರಡು ತಿಂಗಳ ಹಿಂದೆ ಹಾಯಿದೋಣಿಯಲ್ಲಿ ಬಂದವರು ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು ತಂದು, ಬಾಗಿಲಲ್ಲಿ ಕುಕ್ಕರಿಸಿ ಕೂತು, ಹಿರಿಯನ ಮುಂದಿಟ್ಟರು. ಬೇರು ಒಪ್ಪಿಸಿಕೊಂಡ ಮೇಲೆ ಬಂದವರು ಊರಿನ ಅತಿಥಿಗಳು. ಅವರ ದೋಣಿಯಲ್ಲಿ ಏನಿದೆ ಎಂದು ಯಾರು ಕೇಳುತ್ತಾರೆ? ದಿಬ್ಬದ ನಡುವಿನ ದಾರಿ ತೋರಿಸಲು ಕಿತಿಯೋನೆಯನ್ನು ಕಳಿಸಿದ್ದು ಊರೇ. ಪೀಪಾಯಿಗಳನ್ನು ಮರಳಲ್ಲಿ ಹೂಳಲು ಅವರು ಕರೆದಾಗ ಹುಡುಗನಿಗೆ ಅನುಮಾನ ಬಂದಿತ್ತು, ನಿಜ. ಆದರೆ ಅವರು ಅವನ ದೋಣಿಗೆ ಹೊಸ ಎಂಜಿನ್ ಕೊಟ್ಟಿದ್ದರು.

ಹೋದ ವಾರ ಗಸ್ತಿನವರು ಆ ಪೀಪಾಯಿಗಳನ್ನು ಅಗೆದು ತೆಗೆದರು. ಹುಡುಗನೇ ಬಾಯಿಬಿಟ್ಟ ಎಂದು ಹಾಯಿದೋಣಿಯವರು ತಿಳಿದರು. ಮೂರು ದಿನದ ಹಿಂದೆ ಅವರಲ್ಲಿ ಇಬ್ಬರು ಬಿಳಿಯ ಸ್ಪೀಡ್‌ಬೋಟಿನಲ್ಲಿ ಬಂದು ಅವನ ಹೆಸರು ಹಿಡಿದು ಕೇಳಿದರು. ಈ ಸಲ ಕೈಯಲ್ಲಿ ಬೇರಿರಲಿಲ್ಲ. ಅಂದಿನಿಂದ ಕಿತಿಯೋನೆ ಎಲ್ಲಿದ್ದಾನೆಂಬುದು ಗೊತ್ತಿದ್ದದ್ದು ಅವನ ತಾಯಿಗೆ ಮತ್ತು ದೊಡ್ಡಪ್ಪನಿಗೆ ಮಾತ್ರ.

ಅಪಿಸಾಯಿಯ ತೋಳು ಸೋತವು. ಅವನು ಹಲ್ಲನ್ನು ಚಾಪೆಯ ಮೇಲಿಟ್ಟ. ಸೆಮೆಸಾ ಎದ್ದು ನಿಂತ.

"ಸೆಮೆಸಾ."

ತನ್ನ ದನಿ ಲಿತಿಯಾನಾಳಿಗೇ ಗುರುತು ಸಿಗಲಿಲ್ಲ.

"ಏಯ್, ತಲೆ ಕೆಟ್ಟಿದೆಯೇನೇ? ಬಾಯ್ಮುಚ್ಚು!" ಎಂದ ಮುದುಕ.

ಅವಳು ಮುಚ್ಚಲಿಲ್ಲ. "ಎದುರಿನ ನಡುಗಡ್ಡೇಲಿದಾನೆ, ಉಪ್ಪುನೀರಿನ ಕಾಂಡ್ಲಾ ಗಿಡದ ಬೇರೊಳಗೆ. ನಿಮ್ ಹಡಗು ಬಂದಾಗಿಂದ ನಾವು ನೀರು ಕೊಡೋಕೂ ಹೋಗಿಲ್ಲ. ಎರಡು ದಿನ ಆಯ್ತು. ಬೆಳಿಗ್ಗೆ ಮರಗೆಣಸು ಕೀಳ್ತಾ ಗುಡ್ಡದಿಂದ ನೋಡ್ದೆ, ಆ ಬಿಳಿ ದೋಣಿ ನಡುಗಡ್ಡೆ ಹಿಂದೆ ಎರಡು ಸುತ್ತು ಹಾಕ್ತು. ಅವ್ರಿಗಿಂತ ಮುಂಚೆ ನೀನು ಹೋಗು. ಯಾವ ದೇಶಕ್ಕಾದ್ರೂ ಕೊಡು. ಉಸಿರಾಡ್ತಿದ್ರೆ ಸಾಕು ನಂಗೆ."

ಮಗನನ್ನು ಅವಳು ತನ್ನ ಬಾಯಿಂದಲೇ ಹಿಡಿದುಕೊಟ್ಟಿದ್ದಳು. ಆದರೂ ಆಡಿದ್ದನ್ನು ವಾಪಸು ನುಂಗಲು ಅವಳಿಗೆ ಮನಸ್ಸಾಗಲಿಲ್ಲ.

ಸೆಮೆಸಾ ಅವಳತ್ತ ನೋಡಲಿಲ್ಲ. "ಭಾವ, ನನ್ ತಂಗಿಗೆ ಹೇಳು," ಎಂದ. "ನಾನೇ ಇಳಿದು ಹೋಗ್ತೀನಿ. ಬೇರೆಯೋರ ಕೈ ಅವನ ಮೇಲೆ ಮೊದ್ಲು ಬೀಳಲ್ಲ. ಇಲ್ಲೇ ಉಳಿಸ್ಕೋತೀನಿ ಅಂತ ಮಾತ್ರ ಹೇಳ್ಬೇಡ."

ಅವನು ಹೊರಗೆ ಬಂದು ಕೂಗಿದ ಕೂಗಿಗೆ ಆ ಇಬ್ಬರೂ ರಬ್ಬರ್ ದೋಣಿಯತ್ತ ಓಡಿದರು. ಲಿತಿಯಾನಾ ಅಡುಗೆಮನೆಯಿಂದ ತೆಂಗಿನ ಗರಿಯ ಬುಟ್ಟಿ ತಂದಳು. ಅದರಲ್ಲಿ ಎರಡು ಸೀಸೆ ನೀರಿತ್ತು, ಬೇಯಿಸಿದ ಮರಗೆಣಸಿತ್ತು. ಅಣ್ಣನ ಕೈಗೆ ಕೊಡುವಂತಿಲ್ಲವಲ್ಲ, ದಡದ ಒದ್ದೆ ಮರಳಲ್ಲಿ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು.

ದೋಣಿಯಲ್ಲಿದ್ದ ಅಧಿಕಾರಿಣಿ ಅವಸರ ಮಾಡಿದಳು. ಸೆಮೆಸಾ ಬುಟ್ಟಿಯ ಮುಂದೆ ಸಮವಸ್ತ್ರದಲ್ಲೇ ಮಂಡಿಯೂರಿದ. ಅಂಗೈ ಬೊಗಸೆ ಮಾಡಿ ನಿಧಾನವಾಗಿ ಮೂರು ಸಲ ತಟ್ಟಿದ. ಆಮೇಲೆ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದೋಣಿ ಹತ್ತಿದ.

ಎಂಜಿನ್ನಿನ ಸದ್ದು ನಡುಗಡ್ಡೆಯ ಹಿಂದೆ ಹೋಗಿ ನಿಂತಿತು. ಕಾಂಡ್ಲಾದಿಂದ ಬೆಳ್ಳಕ್ಕಿಗಳು ಒಟ್ಟಿಗೇ ಎದ್ದು ಸುತ್ತತೊಡಗಿದವು.

"ಹಲ್ಲು ಒಳಗಿಡ್ಲಾ?" ಎಂದು ಅಪಿಸಾಯಿ ಬಾಗಿಲಿಂದ ಕೇಳಿದ.

"ಅವ್ರು ಬರೋವರ್ಗೂ ಅಲ್ಲೇ ಇರ್ಲಿ," ಎಂದಳು ಲಿತಿಯಾನಾ.

ಹಕ್ಕಿಗಳು ಇನ್ನೂ ಇಳಿದಿರಲಿಲ್ಲ.